ಮನೆಯಲ್ಲಿ ಇಬ್ಬರು ಓದುಗರು: ಒಬ್ಬರಿಗೆ 74, ಒಬ್ಬನಿಗೆ 11. ಏನು ಕೊಡಲಿ?

ಗಿರಣಿ ಮಗಳು, ದಾವಣಗೆರೆ
ಶನಿವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ.

ನಮ್ಮಪ್ಪನಿಗೆ 74. ಹತ್ತಿ ಮಿಲ್ಲಿನಲ್ಲಿ ನೂಲು ತೆಗೆದವರು. ಮಿಲ್ ಮುಚ್ಚಿದ ಮೇಲೆ ಮಂಡಿಪೇಟೆಯಲ್ಲಿ ಒಂದಷ್ಟು ವರ್ಷ ಲೆಕ್ಕ ಬರೆದರು. ಈಗ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಓದಬಹುದು, ಆದರೆ ಒಂದೇ ಸಮ ಬೇಡ ಅಂದಿದ್ದಾರೆ ಡಾಕ್ಟರು. ಟಿವಿ ನೋಡಿದರೆ ಅಪ್ಪನಿಗೆ ಸಿಟ್ಟು ಬರುತ್ತೆ. ಮೊಬೈಲು ಅರ್ಧ ಗಂಟೆಗೆ ಸಾಕಾಗುತ್ತೆ. ಮೊನ್ನೆ ಅವರೇ ಕೇಳಿದರು, "ಓದಾಕೆ ಏನಾರ ಐತೇನವ್ವ?"

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿರಲಿಲ್ಲ. ಅವರು ಓದುತ್ತಿದ್ದದ್ದು ಪತ್ತೇದಾರಿ ಮಾತ್ರ. ಎನ್. ನರಸಿಂಹಯ್ಯನವರ ಪುಸ್ತಕ. ಮಿಲ್ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಇತ್ತಂತೆ. ರಾತ್ರಿ ಪಾಳಿಗೆ ಹೋಗುವಾಗ ಊಟದ ಡಬ್ಬಿ ಜೊತೆ ಒಂದು ಪುಸ್ತಕ, ಬೆಳಗ್ಗೆ ಬರುವಾಗ ವಾಪಸ್. ನಾನು ಅಕ್ಷರ ಕೂಡಿಸಿ ಓದಲು ಕಲಿತಿದ್ದೇ ಆ ರಟ್ಟುಗಳ ಮೇಲಿನ ಹೆಸರು ನೋಡಿ. ಪತ್ತೇದಾರ ಪುರುಷೋತ್ತಮ ನಮ್ಮ ಸೋದರಮಾವ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಮನೆಯಲ್ಲಿ ಅಷ್ಟು ಮಾತಾಡುತ್ತಿದ್ದರು ಅವನ ಬಗ್ಗೆ.

ಇನ್ನೊಬ್ಬ ನನ್ನ ಮಗ. 11 ವರ್ಷ, ಆರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕಾಮಿಕ್ಸ್ ಬಿಟ್ಟರೆ ಬೇರೆ ಏನೂ ಮುಟ್ಟುವುದಿಲ್ಲ. ಕನ್ನಡ ಪುಸ್ತಕ ಕೊಟ್ಟರೆ "ಅಮ್ಮಾ, ಅಕ್ಷರ ಜಾಸ್ತಿ ಇದೆ" ಅಂತಾನೆ.

ಇಬ್ಬರಿಗೂ ಪುಸ್ತಕ ಹೇಳಿ. ಸುಮ್ನೆ ಹೆಸರು ಬೇಡ, ಅದು ನಿಮ್ಮ ಕೈಗೆ ಹೇಗೆ ಬಂತು ಅನ್ನುವುದನ್ನೂ ಬರೆಯಿರಿ. ಅಪ್ಪನ ಪುಸ್ತಕದ ಅಕ್ಷರ ದೊಡ್ಡದಿರಲಿ, ತೂಕ ಕಡಿಮೆ ಇರಲಿ. ಮಲಗಿಕೊಂಡು ಓದುತ್ತಾರೆ. ಭಗವದ್ಗೀತೆ ಬೇಡ. ನೋಡೋಕೆ ಬಂದವರು ಈಗಾಗಲೇ ಮೂರು ಕೊಟ್ಟಿದ್ದಾರೆ.

ಮೇಲುದುರ್ಗದ ಮೇಷ್ಟ್ರು, ಚಿತ್ರದುರ್ಗ
ಶನಿವಾರ, ರಾತ್ರಿ 10.15

ಇದರಲ್ಲಿ ಯೋಚನೆ ಮಾಡುವುದೇನಿದೆ ತಂಗಿ? ತ.ರಾ.ಸು. ಅವರ ದುರ್ಗಾಸ್ತಮಾನ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಹೋದ್ಯೋಗಿಯೊಬ್ಬರು ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು: ಕೊನೆಯ ಭಾಗ ಮನೆಯಲ್ಲಿ ಓದಬೇಡ, ಕೋಟೆ ಹತ್ತಿ ಓದು. ಹಾಗೇ ಮಾಡಿದೆ. ಭಾನುವಾರ ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂತೆ. 1779ರಲ್ಲಿ ಹೈದರನ ಕೈಗೆ ಕೋಟೆ ಹೋಗುವ ಕತೆ. ಮುಗಿದಾಗ ಬಿಸಿಲು ಇಳಿದಿತ್ತು. ರೊಟ್ಟಿ ಗಂಟು ಬಿಚ್ಚಿರಲೇ ಇಲ್ಲ. ಏಳು ಸುತ್ತಿನ ಕೋಟೆಯನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಅವತ್ತು ಇಳಿಯುವಾಗ ಬೇರೆ ಯಾರದ್ದೋ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ನಡೆದ ಹಾಗಾಯಿತು.

ತ.ರಾ.ಸು. 1984ರಲ್ಲಿ ತೀರಿಕೊಂಡರು. ಮರುವರ್ಷ ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮುಂಚೆ ಓದಬೇಕೆಂದರೆ ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಇವೆ. ಮೂರೂ ಒಂದರ ಬೆನ್ನಿಗೆ ಒಂದು. ಒಂದು ಮಾತು ಮಾತ್ರ ನೆನಪಿರಲಿ: ಅಲ್ಲಿ ಬರುವ ಓಬವ್ವ ನಾಗತಿ ಬೇರೆ, ಒನಕೆ ಓಬವ್ವ ಬೇರೆ. ಕೋಟೆಗೆ ಬರುವ ಪ್ರವಾಸಿಗಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಮಂಡಕ್ಕಿ ಮಿರ್ಚಿ, ದಾವಣಗೆರೆ
ಶನಿವಾರ, ರಾತ್ರಿ 10.32

ಮೇಷ್ಟ್ರೇ, ಕಾಲಿಗೆ ಬೀಳ್ತೀನಿ. ಅಕ್ಕ ಕೇಳಿದ್ದು ತೂಕ ಕಡಿಮೆ ಇರೋದು. ದುರ್ಗಾಸ್ತಮಾನ ಮಲಗಿಕೊಂಡು ಓದುವಾಗ ಕೈ ಜಾರಿ ಮುಖದ ಮೇಲೆ ಬಿದ್ದರೆ ಇನ್ನೊಂದು ಆಪರೇಷನ್ ಗ್ಯಾರಂಟಿ.

ಇನ್ನೊಂದು ವಿಷಯ. ತ.ರಾ.ಸು. ನಿಮ್ಮವರು ಅಂತ ಬೀಗಬೇಡಿ. ಹುಟ್ಟಿದ್ದು ಮಲೇಬೆನ್ನೂರಿನಲ್ಲಿ. ಅದು ಈಗ ನಮ್ಮ ಜಿಲ್ಲೆ.

ನನ್ನ ಓಟು ಬೀಚಿಗೆ. ಅಪ್ಪಾಜಿಗೆ ಅವರ ತಿಂಮನ ನಗೆ ಪುಸ್ತಕ ಕೊಡಿ. ಎಲ್ಲಿಂದ ಬೇಕಾದರೂ ತೆರೆಯಬಹುದು, ಎಲ್ಲಿ ಬೇಕಾದರೂ ಮುಚ್ಚಬಹುದು. ಕಣ್ಣಿಗೂ ಆಯಾಸ ಇಲ್ಲ. ನಮ್ಮ ಸೋಡಾ ಅಂಗಡಿ ತಾತ ಗಿರಾಕಿ ಇಲ್ಲದಾಗ ಬೀಚಿ ಓದುತ್ತಿದ್ದರು. ನಗು ಬಂದರೆ ಒಬ್ಬರೇ ನಗುತ್ತಿರಲಿಲ್ಲ. ರಸ್ತೆಯಲ್ಲಿ ಹೋಗುವವರನ್ನು ಕರೆದು, ನಿಲ್ಲಿಸಿ, ಓದಿ ಹೇಳಿ, ಆಮೇಲೆ ಸೋಡಾ ಕುಡಿಸಿ ದುಡ್ಡು ತಗೋತಿದ್ದರು. ನನಗೆ ಬೀಚಿ ಸಿಕ್ಕಿದ್ದು ಹಾಗೆ.

ಬೀಚಿ ಹರಪನಹಳ್ಳಿಯವರು ಅಲ್ವಾ? ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರದಲ್ಲಿದೆ. ಇದನ್ನು ನೋಡಲು ಅವರು ಇರಬೇಕಿತ್ತು. ಇನ್ನೊಂದು ಪುಸ್ತಕ ಆಗುತ್ತಿತ್ತು.

ಮೇಲುದುರ್ಗದ ಮೇಷ್ಟ್ರು
ಶನಿವಾರ, ರಾತ್ರಿ 10.41

ಮಲೇಬೆನ್ನೂರಿನಲ್ಲಿ ಹುಟ್ಟಿರಬಹುದಪ್ಪ. 1920ರಲ್ಲಿ ದಾವಣಗೆರೆ ಜಿಲ್ಲೆ ಎಲ್ಲಿತ್ತು? ಅದೂ ಚಿತ್ರದುರ್ಗವೇ. ಮನೆತನ ಚಳ್ಳಕೆರೆ ಹತ್ತಿರದ ತಳುಕು. ಹೆಸರಿನ ಮೊದಲ ಅಕ್ಷರವೇ ಅದು.

ಹಳೇ ರದ್ದಿ, ಚಿತ್ರದುರ್ಗ
ಭಾನುವಾರ, ಬೆಳಗ್ಗೆ 7.05

ಹುಡುಗನ ವಿಷಯಕ್ಕೆ ಬರೋಣ. ಚಂದಮಾಮ ಕೊಡಿ.

ಹೊಸದು ಬರುವುದಿಲ್ಲ, ನಿಂತು ವರ್ಷಗಳಾದವು. ಹಳೆಯದು ಹುಡುಕಬೇಕು. ನನ್ನ ಹತ್ತಿರ ಎಪ್ಪತ್ತು ಎಂಬತ್ತರ ದಶಕದ ಒಂದು ರಾಶಿ ಇದೆ. ಎಲ್ಲ ಅಮ್ಮನ ಕೈಯಲ್ಲಿ ಉಳಿದದ್ದು. ವರ್ಷದ ಹನ್ನೆರಡು ಸಂಚಿಕೆ ಸೇರಿದ ಮೇಲೆ ಅಮ್ಮ ದಬ್ಬಣ ತಗೊಂಡು ಗೋಣಿ ದಾರದಲ್ಲಿ ಹೊಲಿಯುತ್ತಿದ್ದಳು. ಮೇಲೆ ಹಳೇ ಕ್ಯಾಲೆಂಡರಿನ ರಟ್ಟು, ಅದಕ್ಕೆ ಮೈದಾ ಅಂಟು. ಒಂದು ಕಟ್ಟಿನ ಮೇಲೆ ಇನ್ನೂ ಅರ್ಧ ಲಕ್ಷ್ಮಿ ಇದ್ದಾಳೆ. ಇನ್ನರ್ಧ ಜಿರಳೆ ತಿಂದಿದೆ, ಅಂಟಿನ ರುಚಿಗೆ.

ಕನ್ನಡ ಚಂದಮಾಮ ಶುರುವಾಗಿದ್ದು 1949ರಲ್ಲಿ. ತೆಲುಗು, ತಮಿಳಿನಲ್ಲಿ ಅದಕ್ಕೆ ಎರಡು ವರ್ಷ ಮುಂಚೆ. ಬೇತಾಳನ ಕತೆಗೆ ಶಂಕರ್ ಬರೆದ ಚಿತ್ರ ಯಾರಿಗೆ ನೆನಪಿಲ್ಲ? ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಆ ಶಂಕರ್ 2020ರಲ್ಲಿ ತೀರಿಕೊಂಡರು. ಎಂ.ಟಿ.ವಿ. ಆಚಾರ್ಯರು ಬಿಡಿಸಿದ ಮಹಾಭಾರತದ ಮುಖಪುಟಗಳನ್ನು ನಮ್ಮಜ್ಜಿ ಕತ್ತರಿಸಿ ದೇವರ ಮನೆಯಲ್ಲಿ ಅಂಟಿಸಿದ್ದಳು. ಆ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಬೇತಾಳನ ಕತೆಯಲ್ಲಿ ಒಂದು ಲಾಭ ಇದೆ. ಕೊನೆಗೆ ಪ್ರಶ್ನೆ ಬರುತ್ತೆ. ಅಲ್ಲಿ ಪುಸ್ತಕ ಮುಚ್ಚಿ ಮಗನನ್ನು ಕೇಳಿ. ಉತ್ತರ ತ್ರಿವಿಕ್ರಮನದ್ದಕ್ಕಿಂತ ಚೆನ್ನಾಗಿರುತ್ತೆ ಎಷ್ಟೋ ಸಲ.

ನಿವೃತ್ತ, ಪಿ.ಜೆ. ಬಡಾವಣೆ
ಭಾನುವಾರ, ಬೆಳಗ್ಗೆ 8.20

ಕಟುವಾಗಿ ಹೇಳುತ್ತೇನೆ, ಕ್ಷಮಿಸಿ. ಚಂದಮಾಮ ಸರಿ, ಅದರಲ್ಲಿ ಭಾಷೆ ಇತ್ತು. ಈ ಕಾಮಿಕ್ಸ್ ಅನ್ನೋದನ್ನು ಮೊದಲು ಬಿಡಿಸಿ. "ಢಂ", "ಅಯ್ಯೋ", "ಧಡ್" ಇಷ್ಟೇ ಭಾಷೆ. ನನ್ನ ಮೊಮ್ಮಗಳಿಗೆ ಒಂದು ಪುಟ ಪೂರ್ತಿ ಓದಲು ತಾಳ್ಮೆ ಇಲ್ಲ. ಅಕ್ಷರದ ರುಚಿ ಹತ್ತಬೇಕಾದರೆ ಅಕ್ಷರವನ್ನೇ ತಿನ್ನಬೇಕು.

ಮೂರನೇ ಸೆಮಿಸ್ಟರ್, ವಿದ್ಯಾನಗರ
ಭಾನುವಾರ, ಬೆಳಗ್ಗೆ 11.50

ಈಗ ಎದ್ದೆ. ಅಂಕಲ್, ನಿಮ್ಮ ಜೊತೆ ಜಗಳ ಆಡಲೇಬೇಕು.

ನಾನು ಕನ್ನಡ ಮೀಡಿಯಂ. ಏಳನೇ ಕ್ಲಾಸಿನವರೆಗೆ ಪಠ್ಯ ಬಿಟ್ಟರೆ ಓದಿದ್ದು ಬಾಲಮಂಗಳ ಒಂದೇ. ಡಿಂಗ ಅನ್ನೋ ಇಲಿಗೋಸ್ಕರ. ಊರಿಗೆ ಪೇಪರ್ ತರುತ್ತಿದ್ದವರ ಸೈಕಲ್ ಬೆಲ್ ಕೇಳಿದರೆ ತಟ್ಟೆ ಬಿಟ್ಟು ಓಡುತ್ತಿದ್ದೆ. ಕೊಂಡುಕೊಳ್ಳಲು ದುಡ್ಡಿಲ್ಲ. ಅವರು ಚಾ ಕುಡಿದು ಮುಗಿಸುವಷ್ಟರಲ್ಲಿ ಕಟ್ಟೆ ಮೇಲೆ ಕೂತು ಓದಿ ವಾಪಸ್ ಕೊಡಬೇಕು. ನಾನು ಜೋರಾಗಿ ಓದುವುದು ಕಲಿತಿದ್ದು ಶಾಲೆಯಲ್ಲಿ ಅಲ್ಲ, ಆ ಕಟ್ಟೆ ಮೇಲೆ. ಅವರ ಚಾ ಬಿಸಿ ಇದ್ದ ದಿನ ಎರಡು ಕತೆ ಜಾಸ್ತಿ ಸಿಗುತ್ತಿತ್ತು.

ಇನ್ನೊಂದು. ಅಮರ ಚಿತ್ರ ಕಥೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ, ಗೊತ್ತಾ? 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಮೊದಲ ಹತ್ತು ಸಂಚಿಕೆ ಪರದೇಶದ ಕತೆಗಳ ಕನ್ನಡ ರೂಪ. ಅದಕ್ಕೇ ಆಮೇಲೆ ಇಂಗ್ಲಿಷ್ ಮಾಲೆ ತಂದ ಅನಂತ ಪೈ ಅವರ ಕೃಷ್ಣನಿಗೆ ಒಂದನೇ ನಂಬರ್ ಇಲ್ಲ, 11 ಅಂತ ಇದೆ.

ಅಕ್ಕ, ನಿಮ್ಮ ಮಗ ಒನ್ ಪೀಸ್ ಅನ್ನೋ ಜಪಾನಿ ಕಾಮಿಕ್ಸ್ ಓದ್ತಾನಾ? ಅದು ಶುರುವಾಗಿದ್ದು 1997ರ ಜುಲೈನಲ್ಲಿ. ದಾವಣಗೆರೆ ಜಿಲ್ಲೆ ಆಗಿದ್ದು ಅದೇ ವರ್ಷ ಆಗಸ್ಟ್. ಒಂದೇ ವಯಸ್ಸಿನವರು. ನೂರು ಸಂಪುಟ ದಾಟಿದೆ, ಕತೆ ಇನ್ನೂ ಮುಗಿದಿಲ್ಲ. ನಮ್ಮೂರಿನ ರಸ್ತೆ ಕಾಮಗಾರಿ ಥರ. 11 ವರ್ಷಕ್ಕೆ ಅದು ಸ್ವಲ್ಪ ಬೇಗ ಆಯಿತು ಅನ್ಸುತ್ತೆ, ಇನ್ನೆರಡು ವರ್ಷ ತಡೆಯಿರಿ. ಈಗ ಭೀಮಾಯಣ ಕೊಡಿ. ಅಂಬೇಡ್ಕರರ ಬದುಕು. ಚಿತ್ರ ಬರೆದವರು ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಚೌಕ ಚೌಕ ಡಬ್ಬಿ ಇಲ್ಲ ಅದರಲ್ಲಿ. ಕೋಟೆ ಒಂದು ಪ್ರಾಣಿ ಆಗುತ್ತೆ, ರೈಲು ಹಾವಾಗುತ್ತೆ. ನಾನು ಓದಿದ್ದು ಇಂಗ್ಲಿಷಿನಲ್ಲಿ, ಹಾಸ್ಟೆಲ್ ಸೀನಿಯರ್ ಬಿಟ್ಟು ಹೋದ ಪೆಟ್ಟಿಗೆಯಲ್ಲಿ ಸಿಕ್ಕಿತು. ಬಾಯಾರಿದ ಹುಡುಗನಿಗೆ ನೀರು ಕೊಡದ ಕತೆ ಇದೆ. ಅಲ್ಲಿ "ಢಂ" ಇಲ್ಲ ಅಂಕಲ್. ಮಾತೇ ಬರಲಿಲ್ಲ ನನಗೆ.

ನಿವೃತ್ತ, ಪಿ.ಜೆ. ಬಡಾವಣೆ
ಭಾನುವಾರ, ಮಧ್ಯಾಹ್ನ 12.30

ಭೀಮಾಯಣ ನೋಡಿಲ್ಲ. ನೋಡಿ ಮಾತಾಡುತ್ತೇನೆ.

ಹರಿಹರದ ಹೊಳೆ
ಭಾನುವಾರ, ಮಧ್ಯಾಹ್ನ 3.10

ಅಡುಗೆ ಮುಗಿಸಿ ಈಗ ಕೂತೆ. ನೀವೆಲ್ಲ ಅಪ್ಪನಿಗೆ, ಮಗನಿಗೆ ಹೇಳಿದಿರಿ. ನಡುವೆ ಇರುವ ಆ ಹೆಣ್ಣುಮಗಳು ಏನು ಓದಬೇಕು ಅಂತ ಯಾರೂ ಕೇಳಲಿಲ್ಲ. ನೋಡಿದ್ರಾ?

ಗಿರಣಿ ಮಗಳೇ, ನಿನಗೆ ಎಂ.ಕೆ. ಇಂದಿರಾ ಅವರ ಫಣಿಯಮ್ಮ. ಬಾಲವಿಧವೆಯೊಬ್ಬಳ ನಿಜ ಬದುಕು. ಕೂಗಾಟ ಇಲ್ಲ, ಅಳು ಇಲ್ಲ. ಆ ಹೆಂಗಸು ಒಂದೊಂದೇ ಕಟ್ಟು ಬಿಚ್ಚಿಕೊಂಡು ಹೋಗುತ್ತಾಳೆ. ನನ್ನ ಮದುವೆಯಾದ ಮೊದಲ ವರ್ಷ ಅತ್ತೆ ಕೊಟ್ಟರು. ಯಾಕೆ ಕೊಟ್ಟರು ಅಂತ ಆಗ ತಿಳಿಯಲಿಲ್ಲ. ಅತ್ತೆ ಹೆಚ್ಚು ಮಾತಾಡುವವರಲ್ಲ. ಅವರು ಹೋದ ಮೇಲೆ ಪುಸ್ತಕ ಮತ್ತೆ ತೆಗೆದೆ. ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದಿದ್ದರು. ಯಾವ ಸಾಲು ಅಂತ ಹೇಳಲ್ಲ, ಅದು ನನ್ನದು ಮತ್ತು ಅವರದ್ದು.

ಇಂದಿರಾ ಅವರು ಕಾದಂಬರಿ ಬರೆಯಲು ಕೂತಿದ್ದೇ ನಲವತ್ತೈದರ ಹೊತ್ತಿಗೆ. ಇದನ್ನು ನೆನೆಸಿಕೊಂಡರೆ ನನಗೆ ಎಷ್ಟೋ ಧೈರ್ಯ.

ಹೊಸದು ಬೇಕಾದರೆ ವಸುಧೇಂದ್ರ ಅವರ ತೇಜೋ ತುಂಗಭದ್ರಾ. ಒಂದು ಹೊಳೆ ಲಿಸ್ಬನ್‌ನದ್ದು, ಒಂದು ನಮ್ಮದು. ನಮ್ಮ ಮನೆ ಮಹಡಿಯಿಂದ ಕಾಣುವ ನೀರು ಒಂದು ದೊಡ್ಡ ಕತೆಯೊಳಗೆ ಹರಿಯುತ್ತೆ ಅಂದರೆ ಅದರ ಸಂತೋಷವೇ ಬೇರೆ. ಬಾನು ಮುಷ್ತಾಕ್ ಅವರ ಕತೆಗಳನ್ನೂ ಬಿಡಬೇಡ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಎಲ್ಲರೂ ಹೆಸರು ಹೇಳುತ್ತಾರೆ, ಓದಿದವರು ಎಷ್ಟು ಜನ ಅಂತ ಕೇಳಬೇಕು.

ಎಣ್ಣೆ ಗಾಣ, ಚಳ್ಳಕೆರೆ
ಭಾನುವಾರ, ಸಂಜೆ 6.45

ಅಪ್ಪಾಜಿಗೆ ನನ್ನ ಕಡೆಯಿಂದ ಒಂದೇ ಪುಸ್ತಕ. ಯೇಗ್ದಾಗೆಲ್ಲಾ ಐತೆ. ಬರೆದವರು ನಮ್ಮ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು. ಮುಕುಂದೂರು ಸ್ವಾಮಿಗಳ ಜೊತೆ ಕಳೆದ ದಿನಗಳ ನೆನಪು. ಸಣ್ಣ ಪುಸ್ತಕ, ಅಂಗಿ ಜೇಬಿಗೆ ಅಲ್ಲದಿದ್ದರೂ ಚೀಲದ ಮೂಲೆಗೆ ಹಿಡಿಯುತ್ತೆ.

ಸ್ವಾಮಿ ಅಂತ ಕೇಳಿ ಗಾಬರಿ ಆಗಬೇಡಿ, ಇದು ನಾಲ್ಕನೇ ಭಗವದ್ಗೀತೆ ಅಲ್ಲ. ಆ ಸ್ವಾಮಿಗಳು ಮಾತಾಡುವುದು ನಮ್ಮ ಅಜ್ಜಂದಿರು ಕಣದಲ್ಲಿ ಕೂತು ಮಾತಾಡಿದ ಹಾಗೆ. ರೊಟ್ಟಿ, ಎಮ್ಮೆ, ಮಳೆ, ಸಾವು ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ನನಗೆ ಇದು ಬಸ್ಸಿನಲ್ಲಿ ಸಿಕ್ಕಿತು. ಹಿರಿಯೂರಿನಿಂದ ಬರುವಾಗ ಪಕ್ಕದವರು ಓದುತ್ತಾ ಓದುತ್ತಾ ನಗುತ್ತಿದ್ದರು. ಇಣುಕಿ ನೋಡಿದೆ. ಇಳಿಯುವಾಗ ನನ್ನ ಕೈಗಿಟ್ಟು, "ಮುಗಿಸಿ ಇನ್ನೊಬ್ಬರಿಗೆ ಕೊಡಿ" ಅಂದರು. ನಾನು ಕೊಡಲಿಲ್ಲ. ಇದು ತಪ್ಪು ಅಂತ ಗೊತ್ತು. ಬೇರೆ ಐದು ಪ್ರತಿ ಕೊಂಡು ಹಂಚಿದ್ದೇನೆ, ಆ ಪ್ರತಿ ಮಾತ್ರ ಕೊಟ್ಟಿಲ್ಲ.

ಗಿರಣಿ ಮಗಳು, ದಾವಣಗೆರೆ
ಭಾನುವಾರ, ರಾತ್ರಿ 9.15

ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ಹೊಳೆ ಅಕ್ಕ, ನೀವು ಬರೆದಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಫಣಿಯಮ್ಮ ನನಗೇ ತರಿಸುತ್ತೇನೆ.

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಮೇಷ್ಟ್ರೇ, ಕೋಪ ಮಾಡ್ಕೋಬೇಡಿ, ದುರ್ಗಾಸ್ತಮಾನಕ್ಕೆ ಅವರು ಏನಂದರು ಗೊತ್ತಾ? "ಕೋಟೆ ಬೀಳ್ತತಿ ಅಂತ ಗೊತ್ತೈತಲ್ಲ. ಕೊಲೆಗಾರ ಯಾರು ಅಂತ ಮೊದ್ಲೇ ಹೇಳಿದ ಪುಸ್ತಕ ಅದು."

ಬೀಚಿಗೆ ಒಪ್ಪಿದ್ದಾರೆ. ಚಳ್ಳಕೆರೆ ಅಣ್ಣ, ನಿಮ್ಮದಕ್ಕೂ. ಬಸ್ಸಿನ ಕತೆಗೆ ನಕ್ಕರು. "ಆ ಮನುಷ್ಯ ನಮ್ಮಂಥವನೇ" ಅಂದರು. ಬಾಡಿಗೆ ಅಂಗಡಿಗೆ ವಾಪಸ್ ಕೊಡದ ಎರಡು ಪುಸ್ತಕ ಇನ್ನೂ ಅವರ ಟ್ರಂಕಿನಲ್ಲಿದೆ ಅಂತ ಇವತ್ತು ಗೊತ್ತಾಯಿತು.

ಮಗನಿಗೆ ಭೀಮಾಯಣ ಆರ್ಡರ್ ಹಾಕಿದೆ. ಆದರೆ ನನ್ನ ಆಸೆ ಬೇರೆ. ಅಪ್ಪ, ಮಗ ಇಬ್ಬರಿಗೂ ಹಿಡಿಸುವ ಒಂದೇ ಪುಸ್ತಕ ಇದೆಯಾ? ಇಬ್ಬರೂ ಒಂದೇ ರೂಮಿನಲ್ಲಿ ಮಲಗುತ್ತಾರೆ. ಮಾತೇ ಆಡಲ್ಲ. ಜಗಳ ಇಲ್ಲ, ಆದರೆ ಮಾತಾಡಲು ವಿಷಯವೂ ಇಲ್ಲ.

ಜೋಗಿಮಟ್ಟಿ
ಭಾನುವಾರ, ರಾತ್ರಿ 9.50

ಇದೆ. ತೇಜಸ್ವಿ ಅವರ ಕಾಡಿನ ಕತೆಗಳು. ಕೆನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳನ್ನು ಕನ್ನಡಕ್ಕೆ ತಂದಿದ್ದಾರೆ. ನಾಲ್ಕು ಭಾಗ. ಮೊದಲು ಬೆಳ್ಳಂದೂರಿನ ನರಭಕ್ಷಕ ತಗೊಳ್ಳಿ.

ಯಾಕೆ ಅಂದರೆ ಇದು ಪತ್ತೇದಾರಿಯೇ. ಕೊಲೆ ಆಗುತ್ತೆ. ಹೆಜ್ಜೆ ಗುರುತು ಸಿಗುತ್ತೆ. ಊರವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅರ್ಧ ಸುಳ್ಳು. ಮರದ ಮೇಲೆ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕಾಯಬೇಕು. ಕೊಲೆಗಾರನಿಗೆ ಪಟ್ಟೆ ಇದೆ ಅನ್ನೋದೊಂದೇ ವ್ಯತ್ಯಾಸ. ನಿಮ್ಮ ಅಪ್ಪ ಪುರುಷೋತ್ತಮನನ್ನು ಹುಡುಕಿದರೆ ಅವನು ಅಲ್ಲಿ ಕೋವಿ ಹಿಡಿದು ಕೂತಿರುತ್ತಾನೆ.

ಮಗನಿಗೆ ಇದಾದ ಮೇಲೆ ಕರ್ವಾಲೊ. ಹಾರುವ ಓತಿ ಹುಡುಕಿಕೊಂಡು ಹೋಗುವ ಕತೆ. ಮಂದಣ್ಣ ಬಂದ ಮೇಲೆ ಮಕ್ಕಳು ಪುಸ್ತಕ ಕೆಳಗಿಡುವುದಿಲ್ಲ. ನಾನು ಹತ್ತನೇ ಕ್ಲಾಸಿನ ರಜೆಯಲ್ಲಿ ಓದಿ, ಆಮೇಲೆ ಒಂದು ತಿಂಗಳು ಜೋಗಿಮಟ್ಟಿಯ ಪ್ರತಿ ಮರವನ್ನೂ ಅನುಮಾನದಿಂದ ನೋಡಿದ್ದೇನೆ. ಸಿಕ್ಕಿದ್ದು ಬರೀ ಸಾದಾ ಓತಿ.

ಮಂಡಕ್ಕಿ ಮಿರ್ಚಿ
ಭಾನುವಾರ, ರಾತ್ರಿ 10.02

ಓತಿ ಸಿಗುತ್ತಾ ಇಲ್ವಾ ಕರ್ವಾಲೊದಲ್ಲಿ?

ಜೋಗಿಮಟ್ಟಿ
ಭಾನುವಾರ, ರಾತ್ರಿ 10.03

ಓದ್ರೀ.

ಹಳೇ ರದ್ದಿ, ಚಿತ್ರದುರ್ಗ
ಸೋಮವಾರ, ಬೆಳಗ್ಗೆ 6.50

ನರಸಿಂಹಯ್ಯನವರ ಬಗ್ಗೆ ಎರಡು ಮಾತು ಹೇಳಲೇಬೇಕು. ದೊಡ್ಡವರು ಅವರ ಹೆಸರನ್ನು ಮೂಗು ಮುರಿದು ಹೇಳುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು, ಬರೆದಿದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ನಮ್ಮ ಬೀದಿಯ ಟೈಲರು, ಟಾಂಗಾದವರು, ಮಿಲ್ ಕೆಲಸದವರು ಓದಿದ್ದು ಅವರನ್ನೇ. ಬೇರೆ ಯಾರ ಪುಸ್ತಕ ಅವರ ಬಾಗಿಲಿಗೆ ಬಂತು ಹೇಳಿ?

ನನ್ನದೊಂದು ಗೋಳು ಕೇಳಿ. ಎಂಟನೇ ಕ್ಲಾಸಿನಲ್ಲಿ ಒಂದು ವಾಚನಾಲಯದಿಂದ ಪತ್ತೇದಾರಿ ತಂದೆ. ಯಾರದ್ದು ಅಂತ ನೆನಪಿಲ್ಲ, ರಟ್ಟೇ ಇರಲಿಲ್ಲ. ಜ್ವರ ಬಂದಿತ್ತು, ರಗ್ಗಿನೊಳಗೆ ಟಾರ್ಚ್ ಹಾಕಿಕೊಂಡು ಓದಿದೆ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆಸಿದ. ಬಾಗಿಲು ಹಾಕಿದ. "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಅಂದ. ಪುಟ ತಿರುವಿದರೆ ಬರೀ ದಾರ. ಕೊನೆಯ ಎಂಟು ಪುಟ ಯಾರೋ ಹರಿದುಕೊಂಡಿದ್ದರು. ಮಾರನೇ ದಿನ ಜ್ವರದಲ್ಲೇ ಹೋಗಿ ಕೇಳಿದೆ. ಅಲ್ಲಿದ್ದವರು, "ನೀನೇ ಹರಿದಿರಬೇಕು" ಅಂತ ದಂಡ ಹಾಕಿದರು.

ಈಗ ನನಗೆ 56. ಆ ಕೋಣೆ ಬಾಗಿಲು ಇನ್ನೂ ಹಾಕಿಯೇ ಇದೆ. ನನ್ನ ಅನುಮಾನ ಅಡುಗೆಯವನ ಮೇಲೆ.

ಬೀ.ಡಿ. ರಸ್ತೆ, ಚಿತ್ರದುರ್ಗ
ಸೋಮವಾರ, ಮಧ್ಯಾಹ್ನ 1.30

ಊಟದ ಬಿಡುವಿನಲ್ಲಿ ಬೇಗ ಬೇಗ ಬರೆಯುತ್ತಿದ್ದೇನೆ. ಬೆಲೆ ನೋಡುವವರಿಗೆ ಸ್ವಲ್ಪ ವಿಷಯ.

ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳು ನವೆಂಬರಿನಲ್ಲಿ ರಿಯಾಯಿತಿಗೆ ಸಿಗುತ್ತವೆ, ಕಾಯುವ ತಾಳ್ಮೆ ಇದ್ದರೆ ಕಾಯಿರಿ. ರಾಷ್ಟ್ರೋತ್ಥಾನದ ಭಾರತ ಭಾರತಿ ಮಾಲೆಯ ಪುಟ್ಟ ಪುಸ್ತಕಗಳು ಇನ್ನೂ ಅಗ್ಗ. ಒಟ್ಟು 510 ಇವೆ. ಒಂದು ಪುಸ್ತಕ ಒಂದು ಕೂಡ್ರಿಕೆಗೆ ಮುಗಿಯುತ್ತೆ. ಅನುಪಮಾ ನಿರಂಜನ ಅವರ ದಿನಕ್ಕೊಂದು ಕಥೆ ತಿಂಗಳಿಗೊಂದರಂತೆ 12 ಸಂಪುಟ. ನಮ್ಮ ಮನೆಯಲ್ಲಿ ಅವತ್ತಿನ ತಾರೀಖಿನ ಕತೆ ಓದದೆ ದೀಪ ಆರಿಸುತ್ತಿರಲಿಲ್ಲ. ಫೆಬ್ರವರಿ ಬಂದರೆ ನನ್ನ ತಮ್ಮ ಅಳುತ್ತಿದ್ದ, ಕತೆ ಕಡಿಮೆ ಅಂತ.

ಮಕ್ಕಳಿಗೆ ಪುಕ್ಕಟೆ ಬೇಕಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕತೆಗಳಿವೆ. ಫೋನಿನಲ್ಲೇ ಓದಬಹುದು. ಕಣ್ಣು ದಣಿದವರಿಗೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕೇಳುವ ಪುಸ್ತಕ ಸಿಗುತ್ತವೆ. ನಮ್ಮ ತಂದೆಗೆ ಹಾಕಿಕೊಟ್ಟೆ. ಎರಡು ದಿನ ಕೇಳಿ ಬಿಟ್ಟರು. "ನಾನು ಹ್ಞೂಂ ಅಂದರೂ ಅದು ನಿಲ್ಲಲ್ಲ, ಉಹ್ಞೂಂ ಅಂದರೂ ನಿಲ್ಲಲ್ಲ" ಅಂದರು. ಪಾಪ, ಕತೆ ಹೇಳುವವರಿಗೆ ಹ್ಞೂಂಗುಟ್ಟಿ ರೂಢಿ.

ಮೇಲುದುರ್ಗದ ಮೇಷ್ಟ್ರು
ಸೋಮವಾರ, ರಾತ್ರಿ 8.30

ಗಿರಣಿ ಮಗಳೇ, ನಿಮ್ಮ ತಂದೆಯವರ ಮಾತು ಓದಿ ಮೊದಲು ಸಿಟ್ಟು ಬಂತು. ಆಮೇಲೆ ರಾತ್ರಿಯೆಲ್ಲ ಯೋಚಿಸಿದೆ. ಕೊಲೆಗಾರ ಯಾರು ಅಂತ ಗೊತ್ತಿದ್ದೂ ಓದಿಸಿಕೊಂಡು ಹೋಗುತ್ತದಲ್ಲ, ತ.ರಾ.ಸು. ಅವರ ಕೈಚಳಕ ಇರುವುದೇ ಅಲ್ಲಿ ಅಂತ ಅವರಿಗೆ ಹೇಳಿ. ಒಪ್ಪದಿದ್ದರೆ ಹಂಸಗೀತೆ ಕೊಡಿ. ತೆಳ್ಳಗಿದೆ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆ. ನಾಗರಹಾವು ಸಿನಿಮಾ ನೋಡಿ ತ.ರಾ.ಸು. ಗೊತ್ತು ಅನ್ನುವವರೂ ಇದನ್ನು ಓದಬೇಕು. ಆ ಸಿನಿಮಾಕ್ಕೆ ಅವರ ಮೂರು ಕಾದಂಬರಿ ಸೇರಿಸಿದ್ದರು, ಅವರಿಗೆ ಅದು ಹಿಡಿಸಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು.

ರದ್ದಿಯವರೇ, ನೀವು ಚಿತ್ರದುರ್ಗದವರು ಅಂತ ಈಗ ಗೊತ್ತಾಯಿತು. ಆ ಹೊಲಿದ ಚಂದಮಾಮ ಒಂದು ಸಲ ತೋರಿಸುತ್ತೀರಾ? ಓದಿ ಅಲ್ಲೇ ಕೊಡುತ್ತೇನೆ, ಮನೆಗೆ ತರುವುದಿಲ್ಲ.

ಹಳೇ ರದ್ದಿ
ಸೋಮವಾರ, ರಾತ್ರಿ 8.44

ಬನ್ನಿ ಮೇಷ್ಟ್ರೇ. ಕೈ ತೊಳೆದುಕೊಂಡು ಬನ್ನಿ.

ಗಿರಣಿ ಮಗಳು, ದಾವಣಗೆರೆ
ಎರಡು ವಾರದ ಮೇಲೆ, ಭಾನುವಾರ

ತಡವಾಯಿತು, ಕ್ಷಮಿಸಿ. ಏನಾಯಿತು ಅಂತ ಹೇಳಬೇಕಲ್ಲ.

ಬೆಳ್ಳಂದೂರಿನ ನರಭಕ್ಷಕ ಬಂತು. ಅಕ್ಷರ ಅಪ್ಪನ ಕಣ್ಣಿಗೆ ಸಣ್ಣದಾಯಿತು. ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು, ಮಂಡಿಪೇಟೆಯಲ್ಲಿ ಲೆಕ್ಕ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಓದಿದರು. ಒಂದು ಪುಟಕ್ಕೆ ಕಣ್ಣಲ್ಲಿ ನೀರು. ಪುಸ್ತಕ ಮುಚ್ಚಿ ಮಂಚದ ಮೇಲೆ ಇಟ್ಟರು. ನನಗೆ ಬೇಜಾರಾಯಿತು.

ರಾತ್ರಿ ನೋಡಿದರೆ ಮಗ ತಿರುವಿ ಹಾಕುತ್ತಿದ್ದಾನೆ. ಓದಲು ಅಲ್ಲ, ಹುಲಿ ಚಿತ್ರ ಇದೆಯಾ ಅಂತ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಎಲ್ಲಿಗೆ ಬಂತದು?" ಇವನಿಗೆ ಅರ್ಥ ಆಗಲಿಲ್ಲ. "ಏನು ತಾತ?" "ಹುಲಿ. ಬಾವಿ ಹತ್ರ ಹೆಜ್ಜೆ ಸಿಕ್ಕಿತ್ತು. ಮುಂದೆ ನೋಡು." ಅವನು ಓದಿದ. ಅಯ್ಯೋ, ಆ ಓದು! ಒಂದೊಂದು ಒತ್ತಕ್ಷರಕ್ಕೂ ಎಡವುತ್ತಾನೆ. "ಅಟ್ಟಣೆ" ಅನ್ನೋದನ್ನು "ಅಟಣೆ" ಅಂದ. ಅಪ್ಪ ತಿದ್ದಿದರು. ಅಟ್ಟಣೆ ಅಂದರೇನು ಅಂತ ಇವನು ಕೇಳಿದ. ಹೊಲದಲ್ಲಿ ಹಕ್ಕಿ ಕಾಯಲು ಅವರು ಕಟ್ಟುತ್ತಿದ್ದದ್ದನ್ನು ಅಪ್ಪ ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದರು. ನಾಲ್ಕು ಪುಟಕ್ಕೆ ಒಂದು ಗಂಟೆ ಹಿಡಿಯಿತು.

ಈಗ ದಿನಾ ನಾಲ್ಕು ಪುಟ. ಜಾಸ್ತಿ ಓದೋಕೆ ಇವನು ಒಪ್ಪಲ್ಲ, ಕಡಿಮೆಗೆ ಅವರು ಒಪ್ಪಲ್ಲ. ಒಂದು ದಿನ ಮಗ ಮೊಂಡು ಹಿಡಿದ, ನಾನು ಓದುತ್ತೇನೆ ಅಂದೆ. ಅಪ್ಪ, "ನೀ ಬ್ಯಾಡ, ನೀ ಭಾಳ ಜೋರು ಓದ್ತಿ, ಹುಲಿ ಓಡೋಗ್ತತಿ" ಅಂದರು.

ಭೀಮಾಯಣ ಮಗ ಎರಡು ಸಲ ಮುಗಿಸಿದ. ಈಗ ತಾತನಿಗೆ ಅದರ ಚಿತ್ರಗಳನ್ನು ಭೂತಗನ್ನಡಿಯಲ್ಲಿ ತೋರಿಸಿ ಕತೆ ಹೇಳುತ್ತಿದ್ದಾನೆ. ನಿವೃತ್ತ ಸರ್, ನೀವು ನೋಡಿದಿರಾ?

ಫಣಿಯಮ್ಮ ನನ್ನ ದಿಂಬಿನ ಕೆಳಗಿದೆ, ಅರ್ಧ ಆಗಿದೆ.

ಅಪ್ಪನಿಂದ ಒಂದು ಪ್ರಶ್ನೆ. ಟ್ರಂಕಿನಲ್ಲಿದ್ದ ಎರಡು ಹಳೇ ಪತ್ತೇದಾರಿಗಳನ್ನು ಹೊರಗೆ ತೆಗೆದಿದ್ದಾರೆ. ಒಂದಕ್ಕೆ ರಟ್ಟಿಲ್ಲ. ಕೊನೆಗೆ ಒಂದು ಕೋಣೆ ಇದೆಯಂತೆ, ಬಾಗಿಲು ಹಾಕುತ್ತಾರಂತೆ. ರದ್ದಿ ಅಣ್ಣನಿಗೆ ಬೇಕಾ ಕೇಳು ಅಂದರು.

ಹಳೇ ರದ್ದಿ, ಚಿತ್ರದುರ್ಗ
ಎರಡು ನಿಮಿಷದ ಮೇಲೆ

ಅಂಥ ಕೋಣೆ ಎಲ್ಲ ಪತ್ತೇದಾರಿಯಲ್ಲೂ ಇರುತ್ತೆ ತಂಗಿ. ಆದರೂ ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಕೊನೆಯ ಎಂಟು ಪುಟ ಇದೆಯಾ ನೋಡಿ ಹೇಳು. ಯಾರು ಅಂತ ಮಾತ್ರ ಹೇಳಬೇಡ.